ಕಂಪನಿ ಪ್ಯಾಡು, ನನ್ನ ಬಾಯಿ

ನಮ್ಮ ಕಾರಿಗೆ ಡುಪ್ಲಿಕೇಟ್ ಹಾಕಿಸುವುದರಲ್ಲಿ ನನಗೆ ಯಾವತ್ತೂ ನಾಚಿಕೆ ಇರಲಿಲ್ಲ. ಕನ್ನಡಿ ಒಡೆದರೆ ಡುಪ್ಲಿಕೇಟ್, ವೈಪರ್ ಹರಿದರೆ ಡುಪ್ಲಿಕೇಟ್, ಹಾರ್ನು ಹೋದರೆ ಅಂಗಡಿಯಲ್ಲಿ ಇದ್ದದ್ದರಲ್ಲಿ ಅಗ್ಗದ್ದು. ಮಡಿಕೇರಿಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು "ಕಂಪನಿದಾ, ಲೋಕಲ್ಲಾ?" ಅಂತ ಬಾಯಿ ತೆರೆಯುವ ಮೊದಲೇ ನಾನು "ಲೋಕಲ್" ಅಂದಿರುತ್ತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ನೋಡಲು ಒಂದೇ ಥರ ಇರುವ ಎರಡು ವಸ್ತುವಿಗೆ ಎರಡು ಬೆಲೆ ಯಾಕೆ ಅಂತ ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ.

ಹೇಳಿದವರು ಇಕ್ಕ ಒಬ್ಬರೇ. ಗಾಳಿಬೀಡು ರಸ್ತೆಯಲ್ಲಿ ನಮ್ಮ ಮನೆ ದಾಟಿದರೆ ಗಾಡಿ ರಿಪೇರಿಗೆ ಅವರದೊಂದು ತಗಡಿನ ಶೆಡ್ಡು. ಮೂಲ ಕುಟ್ಟದ ಕಡೆ, ಮನೆಯಲ್ಲಿ ಮಲಯಾಳಂ, ನಮ್ಮ ಹತ್ತಿರ ಕನ್ನಡ, ಎಸ್ಟೇಟ್ ಜೀಪಿನವರ ಹತ್ತಿರ ಕೊಡವ ತಕ್ಕ್. ಊರಿಗೆಲ್ಲ ಅವರು ಇಕ್ಕ, ಅಂದರೆ ಅಣ್ಣ. ಬೋರ್ಡಿಲ್ಲ, ಬಿಲ್ಲಿಲ್ಲ, ಅವರು ಬಾಯಲ್ಲಿ ಹೇಳಿದ್ದೇ ಗ್ಯಾರಂಟಿ.

"ಟೀಚರೆ, ಕನ್ನಡಿ ಎಂಥದ್ದು ಬೇಕಾದರೂ ಹಾಕಿ, ನಾನು ಕೇಳೋದಿಲ್ಲ. ಬ್ರೇಕಿಗೆ ಮಾತ್ರ ಕಂಪನಿದೇ ಹಾಕುವ. ಭಟ್ರು ದಿನಾ ಇಳಿಯುವ ದಾರಿ ಎಂಥದ್ದು ಅಂತ ನಿಮಗೇ ಗೊತ್ತುಂಟಲ್ಲ."

ಭಟ್ರು ಅಂದರೆ ನನ್ನ ಯಜಮಾನರು. ಕೆಳಗಿನ ಊರಿನ ದೇವಸ್ಥಾನದಲ್ಲಿ ಅವರದು ಪೂಜೆ. ಬೆಳಗಾದರೆ ಕಾರು ಹತ್ತಿ ಹೊರಟರೆ ದೇವಸ್ಥಾನದ ಮೆಟ್ಟಿಲವರೆಗೂ ಬರೀ ಇಳಿಜಾರು, ತಿರುವಿನ ಮೇಲೆ ತಿರುವು. ನಾನು ಅರ್ಧ ದಿನ ಗೊಣಗಿ ಕೊನೆಗೆ ಒಪ್ಪಿದೆ. ಇಕ್ಕ ಪೇಟೆಯಿಂದ ಕಂಪನಿಯ ಬ್ರೇಕ್ ಪ್ಯಾಡ್ ತಂದು, ಡಬ್ಬದ ಸೀಲು ನನ್ನೆದುರೇ ಒಡೆದು ಹಾಕಿಕೊಟ್ಟರು.

ಮೂರು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಇಳಿಯುತ್ತಿದ್ದಾಗ ಸುಟ್ಟ ವಾಸನೆ ಬಂತಂತೆ, ಪೆಡಲು ಒತ್ತಿದರೆ ಗಾಡಿ ನಿಲ್ಲಲಿಲ್ಲವಂತೆ. ಯಜಮಾನರು ದೇವರ ದಯೆಯಿಂದ ಬುದ್ಧಿ ಓಡಿಸಿ ಗುಡ್ಡದ ಬದಿಯ ಚರಂಡಿಗೆ ಇಳಿಸಿದರು. ಇನ್ನೊಂದು ಬದಿಗೆ ಹೋಗಿದ್ದರೆ ಏನು ಅಂತ ನಾನು ಇವತ್ತಿಗೂ ಯೋಚಿಸುವುದಿಲ್ಲ.

ಯಾರದೋ ಜೀಪಿಗೆ ಹಗ್ಗ ಕಟ್ಟಿ ಕಾರನ್ನು ಶೆಡ್ಡಿಗೆ ಎಳೆದು ತಂದರು. ಸುದ್ದಿ ಕೇಳಿ ಶಾಲೆಯಿಂದ ಓಡಿ ಬಂದೆ. ಯಜಮಾನರು ಕೆಸರು ಮೆತ್ತಿದ ಪಂಚೆಯಲ್ಲೇ ನಿಂತಿದ್ದರು, ಒಂದು ಗೀರೂ ಆಗಿರಲಿಲ್ಲ. ಇಕ್ಕ ಚಕ್ರ ಬಿಚ್ಚಿ, ಕರಕಲಾದ ಪ್ಯಾಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಯಜಮಾನರ ಮುಖ ನೋಡಿದರು. ಮಾತಾಡಲಿಲ್ಲ.

ನಾನು ಮಾತಾಡಿದೆ. ಭಯ ಇಳಿದ ಮೇಲೆ ನನಗೆ ಸಿಟ್ಟೇ ಬರುವುದು, ಹುಟ್ಟುಗುಣ. ಚಹಾ ಕುಡಿಯುತ್ತ ಕೂತಿದ್ದ ನಾಲ್ಕು ಜನರ ಎದುರು ಹೇಳಿದೆ: "ಡಬ್ಬ ಕಂಪನಿದು, ಒಳಗಿನ ಮಾಲು ಯಾರದು ಇಕ್ಕಾ? ನಂಬಿದವರ ಕುತ್ತಿಗೆ ಕೊಯ್ಯೋದಾ?"

"ಇಲ್ಲ ಟೀಚರೆ," ಅಂದರು. ಅಷ್ಟೇ. ಹೊಸ ಪ್ಯಾಡು ತಂದು ಹಾಕಿದರು. ಸುಮ್ಮನಿದ್ದದ್ದು ನೋಡಿ, ಹೌದು, ಸಿಕ್ಕಿಬಿದ್ದ, ಅಂತ ನನಗೆ ಖಾತ್ರಿಯಾಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವ ಮೊದಲೇ ಇದನ್ನು ಬಿಚ್ಚಿದೆ. ನಮ್ಮ ಮುಖ್ಯೋಪಾಧ್ಯಾಯಿನಿ ಮತ್ತು ವಿಜ್ಞಾನದ ಮೇಷ್ಟ್ರು ಇಬ್ಬರ ಕಾರೂ ಇಕ್ಕನ ಶೆಡ್ಡಿಗೇ ಹೋಗುತ್ತಿದ್ದದ್ದು. ಇಬ್ಬರೂ ಅಂದಿನಿಂದ ಹೋಗುವುದು ಬಿಟ್ಟರು. ಒಬ್ಬನೇ ನಡೆಸುವ ಶೆಡ್ಡಿಗೆ ಹೆಸರು ಬಿಟ್ಟು ಬೇರೆ ಬಂಡವಾಳ ಏನಿರುತ್ತದೆ? ಅದು ಗೊತ್ತಿದ್ದೇ ಹೇಳಿದೆ ನಾನು.

ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಸಾಕ್ಷಿ ಬೇಕಿತ್ತು. ಸುಟ್ಟ ಪ್ಯಾಡುಗಳನ್ನು ಅವತ್ತೇ ಶೆಡ್ಡಿನಿಂದ ತಂದು ಪೇಪರಿನಲ್ಲಿ ಸುತ್ತಿಟ್ಟುಕೊಂಡಿದ್ದೆ, ಒಂದು ಶನಿವಾರ ಪೇಟೆಯ ಇನ್ನೊಂದು ವರ್ಕ್‌ಶಾಪಿಗೆ ಒಯ್ದು ಮೇಜಿನ ಮೇಲಿಟ್ಟೆ. "ಇದು ಡುಪ್ಲಿಕೇಟ್ ಅಂತ ಒಂದು ಮಾತು ಹೇಳಿ," ಅಂದೆ.

ಅಲ್ಲಿಯವನು ಪ್ಯಾಡಿನ ಬೆನ್ನಿನ ಮಸಿ ಒರೆಸಿ ಕಂಪನಿಯ ಗುರುತು ತೋರಿಸಿದ. "ಒರಿಜಿನಲ್ಲೇ ಮೇಡಂ. ಸುಟ್ಟುಬಿಟ್ಟಿದ್ದೀರಿ. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬಿಡ್ತಾರಾ ನಿಮ್ಮನೇಲಿ? ಗೇರಲ್ಲಿದ್ದರೆ ಎಂಜಿನ್ನೇ ಗಾಡಿಯನ್ನ ಹಿಡಿದುಕೊಳ್ಳುತ್ತೆ. ನ್ಯೂಟ್ರಲ್ ಮಾಡಿದರೆ ಅಷ್ಟೂ ಭಾರ ಬ್ರೇಕಿನ ತಲೆಗೆ. ಕಂಪನಿದಾದರೇನು, ಚಿನ್ನದ್ದಾದರೇನು?"

ಗುಡ್ಡದ ಕಡೆಯವರಿಗೆಲ್ಲ ಈ ಚಾಳಿ ಉಂಟು. ದಿಣ್ಣೆಯ ತುದಿ ತಲುಪಿದ ಕೂಡಲೇ ಗೇರು ಬಿಡಿಸಿ ಗಾಡಿಯನ್ನು ತನ್ನ ಪಾಡಿಗೆ ಉರುಳಿಸುವುದು, ಪೆಟ್ರೋಲು ಉಳಿಯುತ್ತದೆ ಅಂತ. ಮನೆಗೆ ಬಂದವಳೇ ಯಜಮಾನರನ್ನು ಕೇಳಿದೆ.

"ಮಾಡ್ತಿದ್ದೆ," ಅಂದರು. "ಸ್ಕೂಟರ್ ಕಾಲದಲ್ಲಿ ನೀನೇ ಹೇಳಿಕೊಟ್ಟದ್ದಲ್ವಾ, ತಾನೇ ಇಳಿಯೋ ಗಾಡಿಗೆ ಪೆಟ್ರೋಲ್ ಯಾಕೆ ಸುಡಬೇಕು ಅಂತ. ಈಗ ಬಿಟ್ಟಿದ್ದೀನಿ. ಚರಂಡಿಗೆ ಇಳಿಸಿದ ಮರುದಿನ ಬೆಳಿಗ್ಗೆಯೇ ದಾರಿಯಲ್ಲಿ ನಿಲ್ಲಿಸಿ ಇಕ್ಕ ಹೇಳಿದ್ರು, ಗೇರಲ್ಲೇ ಇಳಿಸಿ ಭಟ್ರೇ ಅಂತ."

"ಅಂದರೆ ನಿಮಗೆ ಗೊತ್ತಿತ್ತು. ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವರು ಶಲ್ಯ ಮಡಚುತ್ತಿದ್ದರು. ಮಡಚಿ ಮುಗಿದ ಮೇಲೂ ಮತ್ತೆ ಬಿಚ್ಚಿ ಮಡಚಿದರು. "ನಿನಗೆ ಹೇಗೆ ಹೇಳೋದು?" ಅಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ನನ್ನ ಬಾಯಿಗೆ ಹೆದರಿ ಸುಮ್ಮನಿದ್ದರು.

ಮರುದಿನ ಜನ ಇರುವ ಹೊತ್ತು ನೋಡಿಯೇ ಶೆಡ್ಡಿಗೆ ಹೋದೆ. ಹೇಳಿದ್ದು ನಾಲ್ಕು ಜನರ ಎದುರು, ನುಂಗುವುದೂ ಅವರ ಎದುರೇ ಆಗಬೇಕಲ್ಲ. "ಇಕ್ಕಾ, ನೀವು ಹಾಕಿದ್ದು ಒರಿಜಿನಲ್ಲೇ. ತಪ್ಪು ನಂದು," ಅಂದೆ.

ಇಕ್ಕ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅವತ್ತೇ ಗೊತ್ತಾಗಿತ್ತು ಟೀಚರೆ. ಭಟ್ರು ಆಗಷ್ಟೇ ಚರಂಡಿಯಿಂದ ಎದ್ದು ಬಂದಿದ್ರು. ಅವರ ತಪ್ಪು ಅಂತ ನಾನು ಹೇಳಿದ್ರೆ ಅಷ್ಟು ಜನರ ಎದುರು ನೀವು ಅವರನ್ನ ಬಿಡ್ತಿದ್ರಾ? ನನಗೆ ಗಿರಾಕಿಗಳ ಹತ್ತಿರ ಬೈಸಿಕೊಂಡು ರೂಢಿ ಉಂಟು."

ಚಹಾ ತರಿಸಿದರು, ಕುಡಿದು ಬಂದೆ.

ಸೋಮವಾರ ಸ್ಟಾಫ್ ರೂಮಿನಲ್ಲೂ ಎಲ್ಲ ಬಿಡಿಸಿ ಹೇಳಿದೆ. ವಿಜ್ಞಾನದ ಮೇಷ್ಟ್ರು ಆ ವಾರವೇ ಕಾರನ್ನು ಇಕ್ಕನ ಹತ್ತಿರ ಬಿಟ್ಟರು. ಮುಖ್ಯೋಪಾಧ್ಯಾಯಿನಿ ಮಾತ್ರ ಮೊಸರನ್ನ ಕಲಸುತ್ತ, "ನೀವು ಪಾಪ ಅಂತ ಹೇಳ್ತೀರಿ. ಬೆಂಕಿಯಿಲ್ಲದೆ ಹೊಗೆಯಾಡುತ್ತಾ?" ಅಂದರು.

"ಬೆಂಕಿ ಹಚ್ಚಿದವಳು ನಾನೇ ಮೇಡಂ," ಅಂದೆ. ಆ ವರ್ಷವಿಡೀ ಅಂದೆ. ಅವರು ಈಗಲೂ ಇಕ್ಕನ ಶೆಡ್ಡಿನ ಮುಂದೆಯೇ ಹಾದು ಪೇಟೆಯ ವರ್ಕ್‌ಶಾಪಿಗೆ ಹೋಗುತ್ತಾರೆ. ನಾನು ಇಲ್ಲದ್ದು ಹೇಳಿದ ದಿನ ಮಾತ್ರ ಒಂದೇ ಮಾತಿಗೆ ನಂಬಿದ್ದರು.