ಗೇಟಿನ ಕಂಬದ ಕನ್ನಡಿ

ಹೊಳನಗದ್ದೆಯಲ್ಲಿ ಚಿಕ್ಕಮ್ಮನ ಪಕ್ಕದ ಮನೆಯವರು ಗೇಟಿನ ಕಂಬಕ್ಕೆ ಹಳೆ ಸ್ಕೂಟರಿನ ಕನ್ನಡಿ ಬಿಗಿದಿದ್ದಾರೆ. "ನಮ್ಮನಿಗೆ ಯಾರ್ಯಾರು ಬತ್ತ ಹೇಳಿ ನೋಡಲೇ ಇಟ್ಟಿದ್ದು," ಎಂದು ಚಿಕ್ಕಮ್ಮ ಕಾಫಿ ಕೊಡುತ್ತಲೇ ಹೇಳಿದಳು.

ನನಗೂ ಅನುಮಾನ ಹತ್ತಿಕೊಂಡಿತು. ಕರಿಬೇವು ಕೇಳುವ ನೆಪದಲ್ಲಿ ಆ ಮನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದೆ. ಕನ್ನಡಿಯಲ್ಲಿ ಚಿಕ್ಕಮ್ಮನ ಗೇಟು ಸ್ಪಷ್ಟವಾಗಿ ಕಾಣುತ್ತಿತ್ತು, ಅದರಾಚೆ ರಸ್ತೆಯ ತಿರುವೂ.

"ಇದು ಎಂತಕ್ಕೆ?" ಎಂದು ಕೇಳಿಯೇಬಿಟ್ಟೆ.

"ಮೀನಿನವನ ಬೈಕು ಕಾಣೂಕೆ," ಎಂದರು ಆ ಮನೆಯಾಕೆ. "ಅವ ನಿಮ್ಮ ಚಿಕ್ಕಮ್ಮನ ಗೇಟಿನ ಹತ್ರನೇ ನಿಲ್ಲಿಸಿ ಹಾರ್ನ್ ಹೊಡೀತಿದ್ದ. ಅವ್ರಿಗೆ ಮೀನಿನ ವಾಸನೆ ಆಗೂದಿಲ್ಲ ಅಲ್ಲ? ಈಗ ಕಂಡ ಕೂಡ್ಲೆ ನಾನೇ ತಿರುವಿಗೆ ಓಡ್ತೆ."

ಕರಿಬೇವು ತಂದುಕೊಟ್ಟು ಚಿಕ್ಕಮ್ಮನಿಗೆ ಹೇಳಿದೆ. ಅವಳು ಕರಿಬೇವು ಬಿಡಿಸುವುದನ್ನು ನಿಲ್ಲಿಸಿ ಕಿಟಕಿಯಿಂದ ಆ ಮನೆಯ ಕಡೆ ಮತ್ತೆ ಅನುಮಾನದಿಂದ ನೋಡಿದಳು.

"ನಂಗೆ ಮೀನಿನ ವಾಸನೆ ಆಗ್ತಿಲ್ಲೆ ಹೇಳಿ ಅವಕ್ಕೆ ಹೇಳಿದ್ದು ಯಾರು?"