ಅಂಟುವಾಳದಲ್ಲಿ ತೊಳೆದ ಗಾಜು

ನೀರು ಗಾಜಿನ ಮೇಲೆ ಹರಿಯುವಾಗ, ಗಾಜಿಗೆ ತಾಗಿದ ಪದರ ನಿಂತೇ ಇರುತ್ತದೋ, ಒಂಚೂರು ಜಾರುತ್ತದೋ? ಪಿಎಚ್‌ಡಿಗೆಂದು ಮೂರು ವರ್ಷ ನಾನು ಅಳೆದದ್ದು ಇಷ್ಟೇ. ಕೂದಲನ್ನು ಸಾವಿರ ಸೀಳು ಮಾಡಿದರೂ ಅದಕ್ಕಿಂತ ಚಿಕ್ಕ ಲೆಕ್ಕ. ಕೇಳಿದವರು ಆಕಳಿಸುತ್ತಾರೆ, ನನಗೂ ಈಗೀಗ ಆಕಳಿಕೆಯೇ ಬರುತ್ತದೆ.

ಸಾಗರದ ಕಾಲೇಜಿನಲ್ಲಿ ಪಾಠ ಮುಗಿಸಿ, ಸಂಜೆ ಲ್ಯಾಬಿನಲ್ಲಿ ಗಾಜಿನ ತುಂಡುಗಳನ್ನು ತೊಳೆದು ಒಣಗಿಸುತ್ತಿದ್ದೆ. ಅಳೆಯುವ ಯಂತ್ರ ಇದ್ದದ್ದು ದೂರದ ವಿಶ್ವವಿದ್ಯಾಲಯದಲ್ಲಿ. ತಿಂಗಳಿಗೆ ಎರಡು ದಿನ ನನ್ನ ಸರದಿ. ಗಾಜಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರೆ ಆನಂದಪುರ ಬರುವ ಮೊದಲೇ ನಿದ್ದೆ.

ಗಾಜಿಗೆ ಸೋಪು ಮುಟ್ಟಿಸಬಾರದು, ಅದರ ಪದರ ಉಳಿದರೆ ನೀರು ಸುಳ್ಳೇ ಜಾರುತ್ತದೆ ಎಂದು ನಮ್ಮ ಗೈಡ್ ಮೊದಲ ದಿನವೇ ಹೇಳಿದ್ದರು. ನಾನು ಮುಟ್ಟಿಸಲಿಲ್ಲ. ಹೊಸನಗರದಿಂದ ಅಮ್ಮ ಕಳಿಸುತ್ತಿದ್ದ ಅಂಟುವಾಳದ ಕಾಯಿ ನೆನೆಸಿ, ಆ ನೊರೆಯಲ್ಲಿ ತೊಳೆದೆ. ನಮ್ಮ ಮನೆಯಲ್ಲಿ ಬಂಗಾರ, ರೇಷ್ಮೆ ಸೀರೆ ಎಲ್ಲಕ್ಕೂ ಅದೇ. ಅದೂ ಒಂದು ಸೋಪೇ ಎಂದು ಈ ಎಂಎಸ್ಸಿ ಓದಿದ ತಲೆಗೆ ಹೊಳೆಯಲೇ ಇಲ್ಲ.

ನೀರು ಪ್ರತಿ ಸಲವೂ ಜಾರಿತು. ಗೈಡ್ ಖುಷಿಪಟ್ಟರು. ನನ್ನ ಪಿಎಚ್‌ಡಿ ಪ್ರಬಂಧದ ಮುಖ್ಯ ಅಧ್ಯಾಯ ಅದೇ ಆಯಿತು.

ಪ್ರಬಂಧ ಸಲ್ಲಿಸಲು ಒಂದು ತಿಂಗಳಿದೆ ಎನ್ನುವಾಗ ಅಮ್ಮನಿಗೆ ಮಂಡಿನೋವು ಜೋರಾಗಿ ಕಾಯಿ ಬರಲಿಲ್ಲ. ಬರೀ ಆಸಿಡ್ಡು, ಶುದ್ಧ ನೀರಿನಲ್ಲಿ ತೊಳೆದು ಒಯ್ದೆ. ಜಾರಿಕೆ ಸೊನ್ನೆ. ಯಂತ್ರ ಕೆಟ್ಟಿದೆಯೆಂದು ಆಪರೇಟರ್ ಮೇಲೆ ಹಾರಾಡಿದೆ. ಮರುದಿನವೂ ಸೊನ್ನೆ. ಆಗ ಅಂಟುವಾಳ ನೆನಪಾಯಿತು, ಈ ಸಲ ಇಲ್ಲದ್ದು ಅದರ ನೊರೆಯೊಂದೇ.

ತೀರ್ಥಹಳ್ಳಿಯಲ್ಲಿದ್ದ ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಯಾವುದ್ರಲ್ಲಿ ತೊಳೀತೀಯ ಅಂತ ನಾನೂ ಕೇಳ್ಲಿಲ್ವಲ್ಲ ಮಾರಾಯ್ತಿ” ಎಂದರು. “ಆ ಅಧ್ಯಾಯ ತೆಗಿ. ಮೊದ್ಲಿಂದ ಮಾಡು.”

ಬೈದಿದ್ದರೆ ಹಗುರಾಗುತ್ತಿತ್ತು.

ಆ ಭಾನುವಾರ ಹೊಸನಗರಕ್ಕೆ ಹೋದೆ, ಅಮ್ಮನಿಗೆ ಹೇಳಿಬಿಡೋಣ ಅಂತಲೇ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಅಂಟುವಾಳದ ಬೀಜ ಬಿಡಿಸುತ್ತಿದ್ದಳು. ಮಗಳ ಪಿಎಚ್‌ಡಿ ತನ್ನ ಕಾಯಿಯಿಂದಲೇ ಆಗುತ್ತಿದೆ ಎಂದು ಕೇರಿಗೆಲ್ಲ ಹೇಳಿಕೊಂಡಿದ್ದವಳು.

“ಹೋದ ತಿಂಗ್ಳು ಕಳ್ಸಕ್ಕೆ ಆಗಲ್ಲೆ. ಅದ್ಕೇ ಈ ಸಲ ಜಾಸ್ತಿ ಇಟ್ಟಿದ್ದಿ. ನಿನ್ನ ಗಾಜಿಗೆ ಸಾಕಾಗ್ತನೇ?”

“ಸಾಕಾಗ್ತು ಅಮ್ಮ” ಎಂದೆ.

ವಾಪಸ್ಸು ಬರುವಾಗ ಆ ಚೀಲ ತೊಡೆಯ ಮೇಲಿತ್ತು. ಸಾಗರ ಬರುವವರೆಗೂ ನಿದ್ದೆ ಹತ್ತಲಿಲ್ಲ.