ಕೆಡವಿ ಕಟ್ಟಿದ ನಾಲ್ಕು ಸಾಲು

“ಹನ್ನೊಂದು ವರ್ಷ ತಲೆ ಮೇಲೆ ಗಾರೆ ಹೊತ್ತೆ ದೊಡ್ಡಮ್ಮ. ಬಾಂಡ್ಲಿ ತುಂಬ್ಕೊಂಡು ಏಣಿ ಹತ್ತೋದು, ಮೇಲೆ ಸುರಿಯೋದು, ಮತ್ತೆ ಇಳಿಯೋದು. ಹತ್ತೋವಾಗ ಕತ್ತು ತಿರುಗ್ಸೋ ಹಾಗಿಲ್ಲ. ಅದಕ್ಕೆ ಇಳಿಯೋವಾಗ ನೋಡ್ತಿದ್ದೆ. ಕರಣೆ ಹೇಗೆ ಹಿಡೀತಾರೆ, ಇಟ್ಟಿಗೆ ಎಷ್ಟು ನೆನೆಸ್ತಾರೆ, ಸಾಲು ನೆಟ್ಟಗೆ ಬರೋಕೆ ದಾರ ಎಲ್ಲಿ ಕಟ್ತಾರೆ. ದಿನಕ್ಕೆ ಅರವತ್ತು ಸಲ ಇಳಿದ್ರೆ ಅರವತ್ತು ಪಾಠ. ಒಂದಿನ ಗಾರೆಯವರು ಜ್ವರ ಅಂತ ಬರ್ಲಿಲ್ಲ. ಗೋಡೆ ಅರ್ಧಕ್ಕೆ ನಿಂತಿದೆ, ಕಲಸಿದ ಗಾರೆ ಗಟ್ಟಿ ಆಗ್ತಾ ಇದೆ. ‘ನಾನು ಕಟ್ಲಾ?’ ಅಂದೆ. ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ರು. ನಗೋರು ನಗ್ಲಿ ಅಂತ ಮೂರು ಸಾಲು ಕಟ್ಟಿಬಿಟ್ಟೆ. ದಾರದ ತುದಿಗೆ ಕಟ್ಟಿದ ತೂಗುಗುಂಡು ಬಿಟ್ಟು ನೋಡಿದ್ರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಲ್ಲಿಗೆ ನಗು ನಿಲ್ತು ಅನ್ಕೊಂಡ್ರಾ? ಇನ್ನೂ ಎರಡು ವರ್ಷ ನಕ್ರು. ಆದ್ರೆ ಗೋಡೆಗೆ ಕಿವಿ ಇದ್ರೂ ನಾಚಿಕೆ ಇಲ್ಲ ನೋಡಿ, ಅದು ನೆಟ್ಟಗೇ ನಿಂತಿತ್ತು.”

ನನಗೆ ಹೀಗೆ ಹೇಳಿದವಳನ್ನು ನಾವೆಲ್ಲ ಮೇಸ್ತ್ರಮ್ಮ ಎನ್ನುತ್ತೇವೆ. ಕೆಲಸಕ್ಕೆ ಬರುವ ಹೆಂಗಸರ ಮಕ್ಕಳನ್ನು ನಾನು ತಗಡಿನ ಶೆಡ್ಡಿನಲ್ಲಿ ನೋಡಿಕೊಳ್ಳುತ್ತೇನೆ. ಆ ಶೆಡ್ಡೂ ಅವಳ ಹಟದಿಂದಲೇ ಬಂದದ್ದು. ಮೊದಲು ಕೂಸುಗಳು ಮರಳಿನ ಗುಡ್ಡೆಯ ಪಕ್ಕ ಬಿಸಿಲಲ್ಲಿ ಮಲಗುತ್ತಿದ್ದವು. “ಸಿಮೆಂಟ್ ಚೀಲಕ್ಕೆ ನೆರಳು ಮಾಡಿದ್ದೀರಿ, ಮಕ್ಕಳೇನು ಅದಕ್ಕಿಂತ ಕಡಿಮೆಯಾ?” ಎಂದು ಗುತ್ತಿಗೆದಾರರನ್ನು ಕೇಳಿದಳಂತೆ. ಮಾರನೆಯ ದಿನವೇ ತಗಡು ಬಂತು.

ಮಧ್ಯಾಹ್ನ ಎಲ್ಲರೂ ಉಂಡು ಕಾಲು ಚಾಚುವ ಹೊತ್ತಿಗೆ ಶೆಡ್ಡಿನ ಹಿಂದೆ ಅವಳ ಶಾಲೆ. ಸಿಮೆಂಟ್ ಇಲ್ಲ, ಬರೀ ಕೆಸರು. ಕಲಿಯುವವಳು ಮೊಣಕಾಲೆತ್ತರ ಗೋಡೆ ಕಟ್ಟಬೇಕು, ಗುಂಡು ಬಿಟ್ಟು ನೋಡಬೇಕು, ಆಮೇಲೆ ತಾನೇ ಕೆಡವಿ ಇಟ್ಟಿಗೆ ತೊಳೆದು ಜೋಡಿಸಿಡಬೇಕು. ಚೆನ್ನಾಗಿ ಬಂದ ಗೋಡೆಯನ್ನೂ ಕೆಡವಬೇಕು. “ಕಟ್ಟೋಕೆ ಎಲ್ರಿಗೂ ಆಸೆ. ಕೆಡವೋಕೆ ಕೈ ನಡುಗ್ದೇ ಇರೋಳು ಮೇಸ್ತ್ರಿ” ಎನ್ನುವಳು. ಹಾಗೆ ಕಟ್ಟಿ ಕೆಡವಿ ಏಳು ಹೆಂಗಸರು ಬಾಂಡ್ಲಿ ಇಳಿಸಿ ಕರಣೆ ಹಿಡಿದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಎಂಟನೆಯವಳು ಗುಬ್ಬಿ. ಗುಬ್ಬಿಯಷ್ಟೇ ಇದ್ದಾಳೆ, ಅದಕ್ಕೆ ಆ ಹೆಸರು. ಭಾರ ಹೊತ್ತು ಹೊತ್ತು ಕತ್ತಿನ ಮೂಳೆ ಸವೆದಿತ್ತು. ಇನ್ನು ಹೊತ್ತರೆ ಬಲಗೈ ಬಿದ್ದುಹೋಗುತ್ತದೆ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಕೆಲಸ ಬಿಡಬೇಕು, ಇಲ್ಲವೇ ಗಾರೆಯವಳಾಗಬೇಕು. ಮೇಸ್ತ್ರಮ್ಮ ಹೇಳಿ ಒಪ್ಪಿಸಿದ ಮೇಲೆ ಗುತ್ತಿಗೆದಾರರು ಮೆಟ್ಟಿಲು ಕೋಣೆಯ ಒಂದು ಗೋಡೆಯನ್ನು ಅವಳಿಗೆ ಕೊಟ್ಟರು. ಎಂಜಿನಿಯರ್ ನೋಡಿ ಸೈ ಅಂದರೆ ಕೆಲಸ, ಇಲ್ಲದಿದ್ದರೆ ಮನೆ.

ಎಂಜಿನಿಯರ್ ಬರುವ ದಿನವೇ ಮೇಸ್ತ್ರಮ್ಮನಿಗೆ ಸನ್ಮಾನವೂ ಕೂಡಿಬಂತು. ಬೇರೆ ಹೆಂಗಸರನ್ನು ಕೈಹಿಡಿದು ಮುಂದೆ ತಂದವಳು ಎಂದು ಕಟ್ಟಡದವರ ಸಂಘ ಒಂದು ಫಲಕ ಕೊಡುವುದಿತ್ತು. ಗುತ್ತಿಗೆದಾರರು ಇಸ್ತ್ರಿ ಅಂಗಿ ತೊಟ್ಟು, ಗುಬ್ಬಿಯ ಗೋಡೆಯ ಮುಂದೆಯೇ ಕುರ್ಚಿ ಹಾಕಿಸಿದ್ದರು.

ಮೇಸ್ತ್ರಮ್ಮ ಒಂದು ಕಣ್ಣು ಮುಚ್ಚಿ ಗೋಡೆಯ ಉದ್ದಕ್ಕೂ ನೋಡಿದಳು. ಅವಳ ಮುಖ ಸಣ್ಣದಾಯಿತು.

“ಮೇಲಿನ ನಾಲ್ಕು ಸಾಲಿಗೆ ಹೊಟ್ಟೆ ಬಂದಿದೆ” ಎಂದಳು.

ಅಲ್ಲೇ ನಿಂತಿದ್ದ ಉದ್ದಣ್ಣ, ನಮ್ಮಲ್ಲಿನ ಹಳೆಯ ಗಾರೆಯವನು, ಸುಮ್ಮನಿರುತ್ತಾನೆಯೇ? “ಹೆಂಗಸರು ಕಟ್ಟಿದ ಗೋಡೆ ಅಲ್ವಾ! ಎಷ್ಟು ತಿಂಗಳು ಮೇಸ್ತ್ರಮ್ಮ?”

“ನಿನ್ನ ಹೊಟ್ಟೆಗಿಂತ ಕಡಿಮೆ ಕಣಪ್ಪ. ಇದು ಇಳಿಯುತ್ತೆ, ನಿಂದು ಇಳಿಯೋ ಹಾಗೆ ಕಾಣಲ್ಲ.”

ಗುಬ್ಬಿ ಗೋಡೆಯ ಹತ್ತಿರ ಓಡಿಬಂದಳು. ದಾರ ಎಲ್ಲಿ ಕಟ್ಟಿದ್ದೆ ಎಂದು ಮೇಸ್ತ್ರಮ್ಮ ಕೇಳಿದಳು. “ಮೂಲೆ ಇಟ್ಟಿಗೇಲಿ ಮೊಳೆ ನಿಲ್ತಿರ್ಲಿಲ್ಲ ಅಕ್ಕ. ಸಾರುವೆ ಕಂಬಕ್ಕೆ ಕಟ್ಟಿದೆ.”

ಗೊತ್ತಾಯಿತು. ಗಾರೆಯವರು ನಿಂತು ಕೆಲಸ ಮಾಡಲು ಕಟ್ಟುವ ಅಟ್ಟಣೆಯೇ ಸಾರುವೆ. ಅದರ ಮೇಲೆ ಜನ ಭಾರ ಹೊತ್ತು ಓಡಾಡಿದಾಗ ಕಂಬ ಹೊರಕ್ಕೆ ವಾಲಿದೆ, ಕಂಬದ ಜೊತೆ ದಾರವೂ ಹೋಗಿದೆ. ಪಾಪದ ಹುಡುಗಿ ದಾರವನ್ನೇ ನಂಬಿ ಇಟ್ಟಿಗೆ ಇಟ್ಟಿದ್ದಾಳೆ.

ಗುತ್ತಿಗೆದಾರರು ಹತ್ತಿರ ಬಂದು ದನಿ ತಗ್ಗಿಸಿದರು. “ಅರ್ಧ ಬೆರಳು ತಾನೇ? ಪ್ಲಾಸ್ಟರ್ ದಪ್ಪ ಬಳಿದ್ರೆ ದೇವರಿಗೂ ಗೊತ್ತಾಗಲ್ಲ. ಎಂಜಿನಿಯರ್‌ಗೆ ನಾನು ಹೇಳ್ತೀನಿ. ಅವಳಿಗೆ ಕೆಲಸ, ನಿಮಗೆ ಫಲಕ. ಸುಮ್ನಿರಿ.”

“ಸುಮ್ನಿರಿ ಅಕ್ಕ, ನಿಮ್ಮ ದಮ್ಮಯ್ಯ” ಎಂದು ಗುಬ್ಬಿಯೂ ಅಂದಳು. ಅವಳ ಕೂಸು ನನ್ನ ಸೊಂಟದಲ್ಲಿತ್ತು. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಸುಮ್ಮನಿದ್ದುಬಿಡಲಿ ಎಂದೇ ಹೇಳುತ್ತಿತ್ತು.

ಮೇಸ್ತ್ರಮ್ಮ ಗುಬ್ಬಿಯ ಹೆಗಲ ಮೇಲೆ ಕೈಯಿಟ್ಟಳು. “ಇವತ್ತು ಮುಚ್ಚಿದ್ರೆ ಉದ್ದಣ್ಣನಿಗೆ ಗೊತ್ತು, ನಾಳೆ ಊರಿಗೆಲ್ಲ ಗೊತ್ತು. ಹೆಂಗಸ್ರು ಕಟ್ಟಿದ್ದು ಪ್ಲಾಸ್ಟರ್ ಒಳಗೆ ಹೇಗಿದೆಯೋ ಅಂತಾರೆ. ಆ ಏಳು ಜನರ ಗೋಡೆಗೂ ಹೊಟ್ಟೆ ಬರುತ್ತೆ. ನಿನ್ನ ಕೈ ಕೆಟ್ಟಿಲ್ಲ ಮಗಳೇ, ಗಂಟು ಹಾಕಿದ ಜಾಗ ಕೆಟ್ಟಿದ್ದು. ತಗೋ ಸುತ್ತಿಗೆ.”

ಅಷ್ಟರಲ್ಲಿ ಕಾರುಗಳು ಬಂದವು. ಎಂಜಿನಿಯರ್ ಇಳಿದರು, ಸಂಘದ ಹೆಂಗಸೊಬ್ಬರು ಫಲಕ ಹಿಡಿದು ಇಳಿದರು. ಅವರ ಕಣ್ಣೆದುರೇ ಗುಬ್ಬಿ ಮೊದಲ ಏಟು ಹಾಕಿದಳು. ಹಿಂದಿನ ಸಂಜೆಯ ಗಾರೆ ಪೂರ್ತಿ ಬಿಗಿದಿರಲಿಲ್ಲ, ಇಟ್ಟಿಗೆಗಳು ಒಂದೊಂದಾಗಿ ಬಿಟ್ಟುಕೊಂಡವು. ಎರಡನೆಯ ಏಟಿನ ಹೊತ್ತಿಗೆ ಅವಳ ಕೈ ನಡುಗುತ್ತಿರಲಿಲ್ಲ.

“ಇದೇನಮ್ಮ, ಕಾರ್ಯಕ್ರಮ ಇದೆಯಲ್ಲ?” ಎಂದರು ಸಂಘದವರು.

“ಇದೆ ಅಮ್ಮ, ಒಂದು ಗಂಟೆ ತಡ ಆಗುತ್ತೆ. ಕುರ್ಚಿ ಹಾಕಿದ್ದಾರಲ್ಲ, ಕೂತ್ಕೊಳ್ಳಿ” ಎಂದಳು ಮೇಸ್ತ್ರಮ್ಮ.

“ನೀವೇ ಕಟ್ಟಿಬಿಡಿ, ಬೇಗ ಆಗುತ್ತೆ” ಎಂದು ಗುತ್ತಿಗೆದಾರರು ಹಲ್ಲು ಕಚ್ಚಿಕೊಂಡೇ ಹೇಳಿದರು.

“ನಾನು ಕಟ್ಟಿದ್ರೆ ಅದು ನನ್ನ ಗೋಡೆ ಆಗುತ್ತೆ ಸಾರ್.”

ಹೀಗೆಂದವಳು ಮುಂದೆ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಸನ್ಮಾನಕ್ಕೆಂದು ಉಟ್ಟಿದ್ದ ಹೊಸ ಸೀರೆಯ ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡಳು. ಬಾಂಡ್ಲಿಗೆ ಗಾರೆ ತುಂಬಿ ತಾನೇ ಎತ್ತಿಕೊಂಡು ಏಣಿ ಹತ್ತಿದಳು. ಯಾವ ಭಾರ ಇಳಿಸಲು ಅವಳಿಗೆ ಹನ್ನೊಂದು ವರ್ಷ ಬೇಕಾಯಿತೋ, ಅದನ್ನೇ ಗುಬ್ಬಿಯ ಕತ್ತಿನ ಬದಲು ತನ್ನ ಕತ್ತಿನ ಮೇಲೆ ಹೊತ್ತಳು. ಹತ್ತಿದಳು, ಸುರಿದಳು, ಇಳಿದಳು. ಮೂರನೆಯ ಸಲಕ್ಕೆ ಉದ್ದಣ್ಣ ಬೀಡಿ ಎಸೆದು, ಯಾರೂ ಕೇಳದಿದ್ದರೂ ಇಟ್ಟಿಗೆ ನೆನೆಸತೊಡಗಿದ.

ಈ ಸಲ ದಾರ ಮೂಲೆಯ ಇಟ್ಟಿಗೆಗೇ ಬಿಗಿದಿತ್ತು. ನಾಲ್ಕನೆಯ ಸಾಲಿನ ಕೊನೆಯ ಇಟ್ಟಿಗೆ ಕೂತಮೇಲೆ ಎಂಜಿನಿಯರ್ ತಾವೇ ಸಾರುವೆ ಹತ್ತಿ, ಮರದ ತುಂಡನ್ನು ಗೋಡೆಗೆ ಒತ್ತಿ ಗುಂಡು ಇಳಿಬಿಟ್ಟರು. ಗುಂಡು ಆಡಿತು, ಆಡಿತು, ನಿಧಾನವಾಯಿತು. ಗೋಡೆಗೆ ಸೋಕಿಯೂ ಸೋಕದ ಹಾಗೆ ನಿಂತಿತು, ಗೋಡೆ ನೆಟ್ಟಗಿತ್ತು. ಅಷ್ಟು ಜನರೂ ಕತ್ತು ಚಾಚಿ ಗುಂಡನ್ನೇ ನೋಡುತ್ತಿದ್ದರು. ಸೊಂಟದಲ್ಲಿದ್ದ ಕೂಸು ಮಾತ್ರ ನನ್ನ ಬಳೆ ಎಳೆಯುತ್ತಿತ್ತು.

“ಕೆಡವಿದ್ದು ಇವಳೇ, ಮೊದಲು ಕಟ್ಟಿದ್ದೂ ಇವಳೇನಾ?” ಎಂದು ಅವರು ಕೇಳಿದರು.

“ಹೂಂ ಸಾರ್” ಎಂದಳು ಗುಬ್ಬಿ.

“ಹಾಗಾದ್ರೆ ನಾಳೆಯಿಂದ ಕರಣೆ ಹಿಡೀಲಿ. ಗೋಡೆ ಯಾರಾದ್ರೂ ಕಟ್ತಾರೆ, ತಪ್ಪಿದ್ದನ್ನ ತಾವೇ ಕೆಡವೋರು ಕಡಿಮೆ.”

ಆಮೇಲೆ ಭಾಷಣ ಆಯಿತು, ಫೋಟೊ ಆಯಿತು. ಫಲಕ ಕೈಗೆ ಬಂದಾಗ ಮೇಸ್ತ್ರಮ್ಮನ ಕೂದಲಲ್ಲಿ ಗಾರೆ ಒಣಗಿ ಬೂದಿಯ ಹಾಗಿತ್ತು. ಎರಡು ಮಾತಾಡಿ ಎಂದರೆ, “ಕಲಸಿದ ಗಾರೆ ಇನ್ನೂ ಸ್ವಲ್ಪ ಇದೆ, ಗಟ್ಟಿ ಆಗುತ್ತೆ” ಎಂದಳು. ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

ಫಲಕವನ್ನು ನನ್ನ ಕೈಗೆ ಕೊಟ್ಟು, “ಮಕ್ಕಳ ಕೈಗೆ ಸಿಗದ ಹಾಗೆ ಇಡಿ ದೊಡ್ಡಮ್ಮ, ಅಂಚು ಚೂಪಾಗಿದೆ” ಎಂದು ನೀರಿನ ಡ್ರಮ್ಮಿನ ಹತ್ತಿರ ಹೋದಳು. ಕಾರುಗಳು ಹೊರಟವು. ಅವಳು ಕುಕ್ಕರುಗಾಲಲ್ಲಿ ಕೂತು, ಹಿಡಿ ಮರಳು ತೆಗೆದುಕೊಂಡು ಬಾಂಡ್ಲಿಯನ್ನು ಉಜ್ಜತೊಡಗಿದಳು. ಪಕ್ಕದಲ್ಲಿ ಗುಬ್ಬಿ ಕೂತು ಕರಣೆ ತೊಳೆಯುತ್ತಿದ್ದಳು.

“ಹಿಡಿ ಹತ್ರ ಇನ್ನೂ ಅಂಟಿದೆ ನೋಡು” ಎಂದಳು ಮೇಸ್ತ್ರಮ್ಮ. ಗುಬ್ಬಿ ಮತ್ತೊಮ್ಮೆ ನೀರಲ್ಲಿ ಅದ್ದಿ ಉಜ್ಜಿದಳು.